ಕುಡಿದು ಗಾಡಿ ಓಡಿಸಿದರೆ: ತಪಾಸಣೆ, ಶಿಕ್ಷೆ, ಪ್ರತಿವಾದ – ಪರೀಕ್ಷೆಗೆ ಮುಖ್ಯಾಂಶಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕು ಹೊಸಪೇಟೆಯ ಜೊತೆ ಸೇರಿ 2021ರಲ್ಲಿ ರಾಜ್ಯದ 31ನೇ ಜಿಲ್ಲೆಯಾದ ವಿಜಯನಗರವಾಯಿತು. ಇಲ್ಲಿಂದ ಪಿಸಿ, ಪಿಎಸ್‌ಐ, ಎಸ್‌ಡಿಎ, ಎಫ್‌ಡಿಎ ಪರೀಕ್ಷೆಗಳಿಗೆ ಓದುತ್ತಿರುವ ಹುಡುಗ ಹುಡುಗಿಯರು ಮೋಟಾರು ವಾಹನ ಕಾಯ್ದೆಯ ಬಗ್ಗೆ ಸಾಮಾನ್ಯವಾಗಿ ಎರಡೇ ವಿಷಯ ಬಾಯಿಪಾಠ ಮಾಡಿರುತ್ತಾರೆ: ಕಲಂ 185, ದಂಡ 10,000. ಅಷ್ಟು ಸಾಲದು. ಪ್ರಕರಣ ನಿಲ್ಲುವುದೂ ಬೀಳುವುದೂ ಕಲಂ 202ರಿಂದ 205ರವರೆಗಿನ ತಪಾಸಣೆಯ ವಿಧಾನದ ಮೇಲೆ. ಸಾವು ಸಂಭವಿಸಿದರೆ ವಿಷಯ ಈ ಕಾಯ್ದೆಯನ್ನೂ ದಾಟಿ ಭಾರತೀಯ ನ್ಯಾಯ ಸಂಹಿತೆಗೆ ಹೋಗುತ್ತದೆ. ಹಾಗಾಗಿ ಇಲ್ಲಿ ಹೆಚ್ಚು ಜಾಗ ಆ ಎರಡು ಭಾಗಗಳಿಗೇ.

ಅಪರಾಧ ಯಾವುದು?

ಮೋಟಾರು ವಾಹನ ಕಾಯ್ದೆ, 1988 ಜಾರಿಗೆ ಬಂದದ್ದು 1989ರ ಜುಲೈ 1ರಂದು. ಕಲಂ 185ರಲ್ಲಿ ಎರಡು ಬೇರೆ ಬೇರೆ ಅಪರಾಧಗಳಿವೆ.

– ಮೊದಲನೆಯದು ಮದ್ಯ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇರಬೇಕು, ಅದು ಬ್ರೆತ್ ಅನಲೈಸರ್‌ನಲ್ಲಿ ಅಥವಾ ಪ್ರಯೋಗಾಲಯದ ಪರೀಕ್ಷೆ ಸೇರಿದಂತೆ ಬೇರೆ ಪರೀಕ್ಷೆಯಲ್ಲಿ ಪತ್ತೆಯಾಗಬೇಕು. ಶೇಕಡಾವಾರು ಹೇಳಿದರೆ 0.03.
– ಎರಡನೆಯದು ಮಾದಕ ವಸ್ತು. ಇದಕ್ಕೆ ಮಿಲಿಗ್ರಾಂ ಮಿತಿ ಇಲ್ಲ. ವಾಹನದ ಮೇಲೆ ಸರಿಯಾದ ಹತೋಟಿ ಇಟ್ಟುಕೊಳ್ಳಲಾಗದಷ್ಟು ಅಮಲೇರಿರಬೇಕು.

ಬಹು ಆಯ್ಕೆ ಪ್ರಶ್ನೆಯಲ್ಲಿ ಎಡವುವ ಜಾಗಗಳು: ಸರಿಯಾಗಿ 30 ಮಿಲಿಗ್ರಾಂ ಇದ್ದರೆ ಅಪರಾಧವಲ್ಲ, ಅದನ್ನು ಮೀರಿರಬೇಕು. 1988ರ ಮೂಲ ಕಾಯ್ದೆಯಲ್ಲಿ ಈ 30 ಇರಲೇ ಇಲ್ಲ, ರಕ್ತದಲ್ಲಿ ಎಷ್ಟೇ ಅಲ್ಪ ಪ್ರಮಾಣದ ಮದ್ಯವಿದ್ದರೂ ಅಪರಾಧ ಎಂದಿತ್ತು. ಮಿತಿ ಬಂದದ್ದು 1994ರ ತಿದ್ದುಪಡಿಯಿಂದ. "ಬೇರೆ ಪರೀಕ್ಷೆ" ಎಂಬ ಮಾತು ಸೇರಿದ್ದು 2019ರ ತಿದ್ದುಪಡಿಯಲ್ಲಿ. ನಮ್ಮ ಮಿತಿ ಇಂಗ್ಲೆಂಡಿನ 80ಕ್ಕೂ ಸ್ಕಾಟ್ಲೆಂಡಿನ 50ಕ್ಕೂ ಕೆಳಗಿದೆ. "ಒಂದೇ ಪೆಗ್ಗು" ಎಂಬ ಸಮಾಧಾನಕ್ಕೆ ಇಲ್ಲಿ ಹೆಚ್ಚು ಜಾಗವಿಲ್ಲ.

ವಾಹನ ಓಡಿಸುತ್ತಿರಬೇಕು ಅಥವಾ ಓಡಿಸಲು ಯತ್ನಿಸುತ್ತಿರಬೇಕು. ವಾಹನ ಎಂದರೆ ಮೋಟಾರು ವಾಹನ. ಟ್ರ್ಯಾಕ್ಟರ್ ಖಂಡಿತ ಸೇರುತ್ತದೆ, ಮೈಲಾರ ಜಾತ್ರೆಗೆ ಹೊರಟ ಎತ್ತಿನ ಬಂಡಿ ಸೇರುವುದಿಲ್ಲ. ಮೆಕ್ಕೆಜೋಳ ತುಂಬಿದ ಟ್ರೇಲರ್ ಎಳೆದುಕೊಂಡು ಎಪಿಎಂಸಿಗೆ ಹೊರಟ ಟ್ರ್ಯಾಕ್ಟರ್‌ನ ಚಾಲಕ ಕಾರಿನ ಚಾಲಕನಷ್ಟೇ ಹೊಣೆಗಾರ. ಈ ಮಾತನ್ನು ಊರೂರಿನಲ್ಲಿ ಹೇಳಬೇಕಾಗಿದೆ, ಯಾಕೆಂದರೆ ಟ್ರ್ಯಾಕ್ಟರನ್ನು ಹೊಲದ ಸಾಮಾನು ಎಂದೇ ಬಹಳ ಮಂದಿ ತಿಳಿದಿದ್ದಾರೆ.

ಶಿಕ್ಷೆ

ಮೊದಲ ಸಲ: 6 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಎರಡನೇ ಸಲ ಮತ್ತು ಆಮೇಲೆ: 2 ವರ್ಷದವರೆಗೆ ಜೈಲು, ಅಥವಾ 15,000 ದಂಡ, ಅಥವಾ ಎರಡೂ. ಜಾರಿ: 2019ರ ಸೆಪ್ಟೆಂಬರ್ 1. ಅದಕ್ಕೂ ಮುಂಚೆ ದಂಡ 2,000 ಮತ್ತು 3,000ದವರೆಗೆ ಇತ್ತು. ಜೈಲಿಗೆ "ವರೆಗೆ" ಎಂಬುದುಂಟು, ದಂಡಕ್ಕೆ ಈಗ ಅದಿಲ್ಲ: 10,000 ಎಂದರೆ 10,000.

2019ರ ಸೆಪ್ಟೆಂಬರ್‌ನಲ್ಲೇ ಕರ್ನಾಟಕ ಸರ್ಕಾರ ಹೆಲ್ಮೆಟ್, ಸೀಟ್ ಬೆಲ್ಟ್ ಮುಂತಾದ ಹಲವು ದಂಡಗಳನ್ನು ಇಳಿಸಿತು. ಕುಡಿದು ಓಡಿಸಿದ್ದಕ್ಕೆ ಇಳಿಕೆ ಬರಲಿಲ್ಲ. ಕಾರಣ ಕಲಂ 200. ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಬಹುದಾದ ಅಪರಾಧಗಳ ಪಟ್ಟಿ ಅಲ್ಲಿದೆ, 185 ಅದರಲ್ಲಿಲ್ಲ. ಪೊಲೀಸರು ರಸ್ತೆಯಲ್ಲಿ ರಸೀದಿ ಹರಿದು ಕಳಿಸುವಂತಿಲ್ಲ, ನ್ಯಾಯಾಲಯಕ್ಕೇ ಹೋಗಬೇಕು. ರಾಜಿಯಾಗದ ಅಪರಾಧವಾದ್ದರಿಂದ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಂಡು ಮುಗಿಸಲೂ ಬರುವುದಿಲ್ಲ. ಆದರೆ ಜಾಮೀನು ಸಿಗುವ ಅಪರಾಧ.

ಸಣ್ಣ ಕಲಂಗಳಲ್ಲಿ ಮೂರು ನೆನಪಿರಲಿ. ಕಲಂ 188: ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ. ಕುಡಿದದ್ದು ಗೊತ್ತಿದ್ದೂ ಕೀಲಿ ಕೊಟ್ಟು ಓಡಿಸಲು ಹಚ್ಚಿದ ಮಾಲೀಕ ಇದರಡಿ ಬರುತ್ತಾನೆ. ಕಲಂ 199ಎ: ಓಡಿಸಿದವನು 18 ತುಂಬದವನಾದರೆ ಪೋಷಕ ಅಥವಾ ಮಾಲೀಕನಿಗೆ 3 ವರ್ಷದವರೆಗೆ ಜೈಲು ಮತ್ತು 25,000 ದಂಡ, ವಾಹನದ ನೋಂದಣಿ 12 ತಿಂಗಳು ರದ್ದು, ಆ ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ಕಲಂ 199ಬಿ: ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಪ್ರತಿ ಏಪ್ರಿಲ್ 1ಕ್ಕೆ ದಂಡಗಳನ್ನು ಶೇ 10ರವರೆಗೆ ಏರಿಸಬಹುದು.

ಲೈಸೆನ್ಸ್ ಹೋಗುವ ದಾರಿಗಳು

ಕಲಂ 206(4)ರ ಪ್ರಕಾರ ಪೊಲೀಸ್ ಅಧಿಕಾರಿ ಲೈಸೆನ್ಸ್ ವಶಪಡಿಸಿಕೊಂಡು ಆರ್‌ಟಿಒಗೆ ಕಳಿಸುತ್ತಾರೆ. ಕಲಂ 19(1ಎ) ಪ್ರಕಾರ ಆರ್‌ಟಿಒ ಅಹವಾಲು ಕೇಳಿ, ಕಾರಣ ಬರೆದು, ಮೊದಲ ತಪ್ಪಿಗೆ 3 ತಿಂಗಳು ಅನರ್ಹಗೊಳಿಸಬಹುದು, ಎರಡನೆಯದಕ್ಕೆ ಲೈಸೆನ್ಸನ್ನೇ ರದ್ದು ಮಾಡಬಹುದು. ಅಹವಾಲು ಕೇಳುವುದು ಕಡ್ಡಾಯ. ಆದೇಶದ ಮೇಲೆ 30 ದಿನದೊಳಗೆ ಮೇಲ್ಮನವಿಗೆ ಅವಕಾಶವುಂಟು. ಇದಲ್ಲದೆ ಕಲಂ 22ರಡಿ, ಎರಡನೇ ಬಾರಿ 185ರಲ್ಲಿ ಶಿಕ್ಷೆಯಾದರೆ ನ್ಯಾಯಾಲಯವೇ ಲೈಸೆನ್ಸ್ ರದ್ದುಪಡಿಸಬೇಕು.

ಲಾರಿ, ಟೆಂಪೊ, ಬಸ್ಸು ಓಡಿಸಿ ಮನೆ ನಡೆಸುವವರಿಗೆ 10,000 ರೂಪಾಯಿಗಿಂತ ಈ 3 ತಿಂಗಳೇ ಭಾರ. ಅವಸರದಲ್ಲಿ "ತಪ್ಪಾಯ್ತು ಸ್ವಾಮಿ" ಎಂದು ಒಪ್ಪಿಕೊಂಡು ದಂಡ ಕಟ್ಟಿ ಬಂದವರು ಒಂದನ್ನು ಗಮನಿಸಿರುವುದಿಲ್ಲ: ತಪ್ಪೊಪ್ಪಿಗೆಯೂ ಶಿಕ್ಷೆಯೇ. ಮುಂದಿನ ಸಲ ಸಿಕ್ಕಿಬಿದ್ದರೆ ಅದು "ಎರಡನೇ ಅಪರಾಧ" ಆಗುತ್ತದೆ. ಒಪ್ಪಿಕೊಳ್ಳಬಾರದು ಎಂದಲ್ಲ. ಕಾಗದಪತ್ರ ನೋಡಿ, ವಕೀಲರನ್ನು ಕೇಳಿ ನಿರ್ಧರಿಸಬೇಕು.

ತಪಾಸಣೆ: 202ರಿಂದ 205

ಕೂಡ್ಲಿಗಿಯ ಹತ್ತಿರ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ರಾತ್ರಿ ಒಂಬತ್ತಕ್ಕೆ ಒಬ್ಬ ಬೈಕ್ ಸವಾರನನ್ನು ನಿಲ್ಲಿಸಿದರು ಎಂದುಕೊಳ್ಳಿ. ಮುಂದಿನದೆಲ್ಲ ಕ್ರಮವಾಗಿ ಹೀಗೆ ನಡೆಯಬೇಕು.

ನಿಲ್ಲಿಸಿದ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಬೇಕು, ಇಲ್ಲವೇ ಅಧಿಕಾರ ಪಡೆದ ಸಾರಿಗೆ ಇಲಾಖೆಯ ಅಧಿಕಾರಿಯಾಗಿರಬೇಕು. ಈತ ಕುಡಿದಿದ್ದಾನೆ ಎಂದು ಶಂಕಿಸಲು ಸಕಾರಣ ಬೇಕು: ಗಾಡಿ ವಾಲಾಡಿದ್ದು, ಬಾಯಿಂದ ವಾಸನೆ ಬಂದದ್ದು, ಮಾತು ತೊದಲಿದ್ದು. ಆಗ ಕಲಂ 203ರಡಿ ಉಸಿರಿನ ಮಾದರಿ ಕೇಳಬಹುದು. ಉಪಕರಣ ಕೇಂದ್ರ ಸರ್ಕಾರ ಅಧಿಸೂಚಿಸಿದ ಮಾದರಿಯದಾಗಿರಬೇಕು. ಮದ್ಯ ಇದೆಯೆಂದು ತೋರಿದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಊದಲು ಒಪ್ಪದಿದ್ದರೂ, ಕುಡಿದಿದ್ದಾನೆಂದು ಶಂಕಿಸಲು ಸಕಾರಣವಿದ್ದರೆ ಬಂಧಿಸಬಹುದು. ಠಾಣೆಗೆ ಕರೆದೊಯ್ದ ಮೇಲೆ ಅಲ್ಲಿ ಮತ್ತೊಮ್ಮೆ ಊದುವ ಅವಕಾಶ ಕೊಡಬೇಕು. ಈ ಎರಡನೇ ಅವಕಾಶ ಆರೋಪಿಯ ಹಕ್ಕು. ಪ್ರಶ್ನೆಪತ್ರಿಕೆಗೆ ಒಳ್ಳೆಯ ವಿಷಯವಿದು.

ಕಲಂ 202ರ ಪರಂತುಕವನ್ನು ಕೆಂಪು ಗೆರೆ ಎಳೆದು ಓದಿ: 185ರಡಿ ಬಂಧಿತನಾದವನನ್ನು ಬಂಧನದ 2 ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆಗೆ ಒಳಪಡಿಸಬೇಕು. ಆಗದಿದ್ದರೆ ಬಿಡುಗಡೆ ಮಾಡಬೇಕು. ಹಡಗಲಿ ತಾಲ್ಲೂಕಿನ ತುಂಗಭದ್ರೆ ದಂಡೆಯ ಊರಿನಿಂದಲೋ ಉಚ್ಚಂಗಿದುರ್ಗದ ಕಡೆಯಿಂದಲೋ ತಾಲ್ಲೂಕು ಆಸ್ಪತ್ರೆಗೆ ರಾತ್ರಿ ಹೊತ್ತು ಕರೆತರುವಾಗ ಈ 2 ಗಂಟೆ ಬೇಗ ಕರಗುತ್ತದೆ. ಬಂಧನದ ವೇಳೆ ಮತ್ತು ವೈದ್ಯರ ರಿಜಿಸ್ಟರಿನ ವೇಳೆ, ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡುವುದೇ ಒಳ್ಳೆಯ ವಕೀಲರ ಮೊದಲ ಕೆಲಸ.

ಕಲಂ 204 ರಕ್ತಪರೀಕ್ಷೆಯದು. ಉಸಿರಿನ ಪರೀಕ್ಷೆಯಲ್ಲಿ ಮದ್ಯ ಕಂಡರೆ ಅಥವಾ ಆರೋಪಿ ಊದಲು ಒಪ್ಪದಿದ್ದರೆ, ಠಾಣೆಯಲ್ಲಿರುವಾಗ ವೈದ್ಯರಿಗೆ ರಕ್ತದ ಮಾದರಿ ಕೊಡುವಂತೆ ಕೇಳಬಹುದು. ಮಹಿಳೆಯಾದರೆ, ವೈದ್ಯರು ಪುರುಷರಾಗಿದ್ದಲ್ಲಿ, ಇನ್ನೊಬ್ಬ ಮಹಿಳೆಯ ಸಮ್ಮುಖದಲ್ಲೇ ತೆಗೆಯಬೇಕು. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಾದವರಿಂದ ಮಾದರಿ ಬೇಕಿದ್ದರೆ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ಮೊದಲು ತಿಳಿಸಬೇಕು. ಚಿಕಿತ್ಸೆಗೆ ಧಕ್ಕೆಯೆಂದು ಅವರು ತಡೆದರೆ ನಿಲ್ಲಿಸಬೇಕು.

"ಊದಲ್ಲ ಅಂದ್ರೆ ಏನೂ ಮಾಡೋಕಾಗಲ್ಲ" ಎಂಬ ಮಾತು ಹೋಟೆಲು ಕಟ್ಟೆಗಳಲ್ಲಿ ಬಹಳ ಓಡಾಡುತ್ತದೆ. ಕಲಂ 205 ಅದನ್ನು ಸುಳ್ಳು ಮಾಡುತ್ತದೆ. ಸಕಾರಣವಿಲ್ಲದೆ ಪರೀಕ್ಷೆ ನಿರಾಕರಿಸಿದ್ದನ್ನು ಪ್ರಾಸಿಕ್ಯೂಷನ್ ಸಾಕ್ಷ್ಯಕ್ಕೆ ಪೂರಕವೆಂದು ನ್ಯಾಯಾಲಯ ಊಹಿಸಬಹುದು. ಸಂವಿಧಾನದ 20(3)ನೇ ವಿಧಿಯೂ ಇಲ್ಲಿ ಕಾಪಾಡುವುದಿಲ್ಲ. ಬೆರಳಚ್ಚಿನಂಥ ದೈಹಿಕ ಪುರಾವೆ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದು ಕಾಠಿ ಕಾಲು ಓಘಡ್ ಪ್ರಕರಣದಲ್ಲಿ (1961) ಸುಪ್ರೀಂ ಕೋರ್ಟ್ ಹೇಳಿದೆ. ಮಂಪರು ಪರೀಕ್ಷೆಯನ್ನು ಬಲವಂತವಾಗಿ ಮಾಡಬಾರದೆಂದ ನಮ್ಮ ರಾಜ್ಯದ ಸೆಲ್ವಿ ಪ್ರಕರಣದಲ್ಲೂ (2010) ರಕ್ತದ ಮಾದರಿಯನ್ನು ಬೇರೆಯಾಗಿಯೇ ನೋಡಲಾಗಿದೆ.

ಸಾವು ಸಂಭವಿಸಿದರೆ

2024ರ ಜುಲೈ 1ರಿಂದ ಐಪಿಸಿ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್). ಹಳೆಯ ಸಂಖ್ಯೆ, ಹೊಸ ಸಂಖ್ಯೆ ಎರಡೂ ಗೊತ್ತಿರಲಿ.

– ಅಜಾಗರೂಕ ಚಾಲನೆ: ಹಿಂದೆ 279, ಈಗ 281. 6 ತಿಂಗಳವರೆಗೆ ಜೈಲು.
– ನಿರ್ಲಕ್ಷ್ಯದಿಂದ ಸಾವು: ಹಿಂದೆ 304ಎ (2 ವರ್ಷದವರೆಗೆ), ಈಗ 106(1) (5 ವರ್ಷದವರೆಗೆ ಮತ್ತು ದಂಡ).
– ಕೊಲೆಯಲ್ಲದ ಮಾನವ ಹತ್ಯೆ, ಸಾವು ಸಂಭವಿಸಬಹುದೆಂಬ ಅರಿವಿನಿಂದ ಮಾಡಿದ್ದು: ಹಿಂದೆ 304 ಭಾಗ 2, ಈಗ 105. 10 ವರ್ಷದವರೆಗೆ ಮತ್ತು ದಂಡ. ಜಾಮೀನು ರಹಿತ.
– ಅಪಘಾತ ಮಾಡಿ ತಿಳಿಸದೆ ಪರಾರಿಯಾದವರಿಗೆ 10 ವರ್ಷದವರೆಗೆ ಶಿಕ್ಷೆ ಹೇಳುವ 106(2) ಉಳಿದ ಕಲಂಗಳ ಜೊತೆ ಜಾರಿಗೆ ಬರಲಿಲ್ಲ. ಲಾರಿ ಚಾಲಕರ ವಿರೋಧದ ನಂತರ ಅದನ್ನು ತಡೆಹಿಡಿಯಲಾಯಿತು.

106ಕ್ಕೂ 105ಕ್ಕೂ ನಡುವಿನ ಗೆರೆ "ಅರಿವು". ಕುಡಿದು ವೇಗವಾಗಿ ಓಡಿಸಿದರೆ ಯಾರಾದರೂ ಸಾಯಬಹುದು ಎಂದು ಗೊತ್ತಿದ್ದೂ ಓಡಿಸಿದನೇ? ಎರಡು ತೀರ್ಪುಗಳು ಪರೀಕ್ಷೆಗೆ ಖಚಿತವಾಗಿ ಬೇಕು, ಎರಡೂ 2012ರವು. ಅಲಿಸ್ಟರ್ ಆಂಥೊನಿ ಪರೇರಾ ಪ್ರಕರಣ: 2006ರ ನವೆಂಬರ್ 12ರ ನಸುಕಿನಲ್ಲಿ ಮುಂಬೈಯ ಬಾಂದ್ರಾದ ಕಾರ್ಟರ್ ರಸ್ತೆಯ ಪಕ್ಕ ಮಲಗಿದ್ದ ಕಾರ್ಮಿಕರ ಮೇಲೆ ಕಾರು ಹರಿದು 7 ಮಂದಿ ಸತ್ತರು. ಚಾಲಕನ ರಕ್ತದಲ್ಲಿ ಶೇ 0.112 ಆಲ್ಕೋಹಾಲ್, ಅಂದರೆ 112 ಮಿಲಿಗ್ರಾಂ. 304 ಭಾಗ 2ರಡಿಯ 3 ವರ್ಷದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸಂಜೀವ್ ನಂದಾ ಪ್ರಕರಣ: 1999ರ ಜನವರಿ 10ರಂದು ದೆಹಲಿಯ ಲೋಧಿ ಕಾಲೊನಿಯಲ್ಲಿ ಬಿಎಂಡಬ್ಲ್ಯು ಕಾರಿಗೆ 6 ಮಂದಿ ಬಲಿ, ರಕ್ತದಲ್ಲಿ ಶೇ 0.115. ಇಲ್ಲೂ 304 ಭಾಗ 2ರ ಅಪರಾಧವೆಂದೇ ತೀರ್ಮಾನವಾಯಿತು. ಅನುಭವಿಸಿದ ಜೈಲುವಾಸದ ಜೊತೆಗೆ 50 ಲಕ್ಷ ರೂಪಾಯಿ ಕಟ್ಟಬೇಕೆಂದೂ ಸಮುದಾಯ ಸೇವೆ ಮಾಡಬೇಕೆಂದೂ ಆದೇಶವಾಯಿತು.

ಇದನ್ನು ನಮ್ಮ ನೆಲಕ್ಕೆ ತಂದು ನೋಡಿ. ಮಾಘ ಮಾಸದ ಗುರು ಕೊಟ್ಟೂರೇಶ್ವರ ರಥೋತ್ಸವಕ್ಕೆ ದಾವಣಗೆರೆಯ ಕಡೆಯಿಂದ ಪಾದಯಾತ್ರಿಗಳು ರಾತ್ರಿಯಿಡೀ ರಸ್ತೆ ಬದಿಯಲ್ಲೇ ನಡೆದು ಬರುತ್ತಾರೆ. ಚಪ್ಪಲಿಯಿಲ್ಲದ ಕಾಲು, ಹೆಗಲಿಗೆ ಗಂಟು, ಮಕ್ಕಳು ಮುದುಕರು. ರಸ್ತೆ ತುಂಬ ಜನವಿರುವುದು ಈ ಭಾಗದ ಪ್ರತಿ ಚಾಲಕನಿಗೂ ಗೊತ್ತು. ಅಂಥ ರಾತ್ರಿ ಕುಡಿದು ಜೋರಾಗಿ ಓಡಿಸಿ ಜೀವ ತೆಗೆದವನು "ಗೊತ್ತಿರಲಿಲ್ಲ" ಎನ್ನುವುದು ಕಷ್ಟ. ಇಂಥದ್ದನ್ನು ಬರಿಯ ನಿರ್ಲಕ್ಷ್ಯವೆಂದು 106ರಲ್ಲೇ ಮುಗಿಸುವುದು ಸತ್ತವರಿಗೆ ಮಾಡುವ ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ. ಕುಡಿದಿದ್ದ ಮಾತ್ರಕ್ಕೆ 105 ತಾನಾಗಿ ಅನ್ವಯಿಸುವುದಿಲ್ಲ, ವೇಗ, ಜಾಗ, ಜನಸಂದಣಿ ಎಲ್ಲ ಸೇರಿ ಅರಿವನ್ನು ಸಾಬೀತು ಮಾಡಬೇಕು ಎಂಬುದನ್ನೂ ಉತ್ತರದಲ್ಲಿ ಬರೆಯಿರಿ.

ವಿಮೆ ಮತ್ತು ಪರಿಹಾರ

ಸ್ವಂತ ವಾಹನದ ನಷ್ಟಕ್ಕೆ ವಿಮಾ ಕಂಪನಿ ಹಣ ನಿರಾಕರಿಸಬಹುದು. ಇಫ್ಕೊ ಟೋಕಿಯೊ ವಿರುದ್ಧ ಪರ್ಲ್ ಬೆವರೇಜಸ್ ಪ್ರಕರಣದಲ್ಲಿ (2021), ಉಸಿರು ಅಥವಾ ರಕ್ತದ ಪರೀಕ್ಷೆ ನಡೆಯದಿದ್ದರೂ ಬೇರೆ ಸಾಕ್ಷ್ಯದಿಂದ ಕುಡಿತವನ್ನು ತೋರಿಸಲು ವಿಮಾ ಕಂಪನಿಗೆ ಅವಕಾಶವಿದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕ್ರಿಮಿನಲ್ ಪ್ರಕರಣಕ್ಕೆ ಬೇಕಾದ 30 ಮಿಲಿಗ್ರಾಂ ಪುರಾವೆ ವಿಮೆಯ ತಕರಾರಿಗೆ ಬೇಕಿಲ್ಲ.

ಪೆಟ್ಟು ತಿಂದ ಮೂರನೆಯವರ ವಿಷಯ ಬೇರೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ, ಮೋಟಾರು ವಾಹನ ಕಾಯ್ದೆಯ ಕಲಂ 150ರಲ್ಲಿ ಕುಡಿದ ಚಾಲನೆಯೂ ವಿಮಾ ಕಂಪನಿಯ ತಕರಾರುಗಳಲ್ಲಿ ಒಂದು. ಆದರೂ ಸಂತ್ರಸ್ತರಿಗೆ ಮೊದಲು ಕಂಪನಿಯೇ ಕೊಟ್ಟು, ಆಮೇಲೆ ಮಾಲೀಕ ಚಾಲಕರಿಂದ ವಸೂಲು ಮಾಡಿಕೊಳ್ಳಲಿ ಎಂಬ ಹಾದಿಯನ್ನು ನ್ಯಾಯಾಲಯಗಳು ಹಿಡಿದಿವೆ. ಪರಿಹಾರದ ಅರ್ಜಿ ಸಲ್ಲಿಸಲು ಅಪಘಾತದಿಂದ 6 ತಿಂಗಳು ಗಡುವು. ಗುದ್ದಿದ ವಾಹನ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ.

ಪ್ರತಿವಾದಗಳು

ನಿಲ್ಲುವ ಪ್ರತಿವಾದಗಳಲ್ಲಿ ಮೊದಲನೆಯದು ವಾಸನೆ ಸಾಲದು ಎಂಬುದು. ಬಚುಭಾಯಿ ಹಸನಲ್ಲಿ ಕರಿಯಾನಿ ಪ್ರಕರಣದಲ್ಲಿ (1971) ಬಾಯಲ್ಲಿ ಮದ್ಯದ ವಾಸನೆ, ತೂರಾಡುವ ನಡಿಗೆ, ಹಿಗ್ಗಿದ ಕಣ್ಣಪಾಪೆ, ತೊದಲು ಮಾತು ಇಷ್ಟೂ ವೈದ್ಯರ ವರದಿಯಲ್ಲಿದ್ದವು. ರಕ್ತ ಅಥವಾ ಮೂತ್ರ ಪರೀಕ್ಷೆ ಮಾಡಿರಲಿಲ್ಲ. ಅಷ್ಟರಿಂದಲೇ ಕುಡಿದಿದ್ದ ಎಂಬ ತೀರ್ಮಾನಕ್ಕೆ ಬರಲಾಗದು ಎಂದಿತು ಸುಪ್ರೀಂ ಕೋರ್ಟ್. ಕಲಂ 185 ಕೇಳುವುದು ಮಿಲಿಗ್ರಾಂ ಸಂಖ್ಯೆಯನ್ನು, ಸಂಖ್ಯೆ ಇಲ್ಲದ ಪ್ರಕರಣ ಬಡವಾಗುತ್ತದೆ.

ಎರಡನೆಯದು ಉಪಕರಣ. ಅನುಮೋದಿತ ಮಾದರಿಯೇ? ಕ್ಯಾಲಿಬ್ರೇಷನ್ ಯಾವಾಗ ಆಗಿತ್ತು? ಮುದ್ರಿತ ಚೀಟಿಯಲ್ಲಿ ದಿನಾಂಕ, ವೇಳೆ, ಯಂತ್ರದ ಸಂಖ್ಯೆ ಇದೆಯೇ? ಹೊಸ ಊದುಕೊಳವೆ ಹಾಕಿದ್ದರೇ? ಮದ್ಯಸಾರವಿರುವ ಮೌತ್‌ವಾಶ್ ಅಥವಾ ಕೆಮ್ಮಿನ ಸಿರಪ್ ಬಾಯಲ್ಲಿದ್ದರೆ ಯಂತ್ರ ಹೆಚ್ಚು ತೋರಿಸುತ್ತದೆ. ಅದಕ್ಕೇ 15 ನಿಮಿಷ ಕಾದು ಮತ್ತೆ ಊದಿಸುವುದು ಒಳ್ಳೆಯ ಪದ್ಧತಿ.

ಮೂರನೆಯದು ರಕ್ತದ ಮಾದರಿಯ ಪಯಣ. ಸೂಜಿ ಚುಚ್ಚುವ ಮುಂಚೆ ಚರ್ಮವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಬಾರದು, ಆ ಸ್ಪಿರಿಟ್ಟೇ ಮದ್ಯಸಾರ. ಸೀಸೆಯಲ್ಲಿ ಸೋಡಿಯಂ ಫ್ಲೋರೈಡ್ ಇರಬೇಕು, ಇಲ್ಲದಿದ್ದರೆ ರಕ್ತ ಹುಳಿತು ತಾನೇ ಆಲ್ಕೋಹಾಲ್ ಹುಟ್ಟಬಹುದು. ಮೊಹರು, ಚೀಟಿ, ಯಾರಿಂದ ಯಾರ ಕೈಗೆ, ಎಷ್ಟು ದಿನ ಎಲ್ಲಿ ಇಟ್ಟಿದ್ದರು, ವಿಧಿವಿಜ್ಞಾನ ಪ್ರಯೋಗಾಲಯ ಪಡೆದಾಗ ಮೊಹರು ಸರಿಯಿತ್ತೇ, ಇದರಲ್ಲಿ ಒಂದು ಕೊಂಡಿ ಕಳಚಿದರೂ ಸಂಶಯದ ಲಾಭ ಆರೋಪಿಗೆ. ಕೊಂಡಿಯನ್ನು ಬೇಕೆಂದೇ ಕಳಚಿದರೆ ಅದು ಬೇರೆಯೇ ಅಪರಾಧ. 2024ರ ಮೇ 19ರ ಪುಣೆಯ ಪೋರ್ಶೆ ಅಪಘಾತದಲ್ಲಿ ರಕ್ತದ ಮಾದರಿ ಬದಲಿಸಿದ ಆರೋಪದ ಮೇಲೆ ವೈದ್ಯರೇ ಬಂಧಿತರಾದರು.

ವೇಳೆಯ ಲೆಕ್ಕವೂ ಮುಖ್ಯ. ದೇಹ ಗಂಟೆಗೆ 100 ಮಿಲಿಲೀಟರ್ ರಕ್ತಕ್ಕೆ ಸುಮಾರು 15 ಮಿಲಿಗ್ರಾಂನಂತೆ ಮದ್ಯವನ್ನು ಕರಗಿಸುತ್ತದೆ. ಒಂಬತ್ತಕ್ಕೆ ಅಪಘಾತ, ಹನ್ನೊಂದಕ್ಕೆ ರಕ್ತ ತೆಗೆದರು, ಬಂದದ್ದು 20. ಹಿಂದಕ್ಕೆ ಲೆಕ್ಕ ಹಾಕಿದರೆ 50 ಎನ್ನಬಹುದು. ಆದರೆ ಕುಡಿದ ಮೊದಲ ಗಂಟೆಯಲ್ಲಿ ಮಟ್ಟ ಇಳಿಯುವ ಬದಲು ಏರುತ್ತಿರಬಹುದು, ವ್ಯಕ್ತಿಯಿಂದ ವ್ಯಕ್ತಿಗೆ ದರವೂ ಬದಲು. ತಜ್ಞರ ಸಾಕ್ಷ್ಯವಿಲ್ಲದೆ ಈ ಲೆಕ್ಕ ನಿಲ್ಲದು. ಬೇಗ ಮಾದರಿ ತೆಗೆಯುವುದು ಪ್ರಾಸಿಕ್ಯೂಷನ್‌ಗೂ ಆರೋಪಿಗೂ ಒಳ್ಳೆಯದು.

ಇನ್ನು: ಓಡಿಸಿದ್ದು ನಾನಲ್ಲ, ನಿಲ್ಲಿಸಿದ್ದ ಗಾಡಿಯಲ್ಲಿ ಮಲಗಿದ್ದೆ ಎಂಬುದೂ ನಿಲ್ಲುವ ಪ್ರತಿವಾದವೇ. ಗೊತ್ತಿಲ್ಲದೆ ಯಾರೋ ಕುಡಿಸಿದರು ಎಂಬುದಕ್ಕೆ ಬಿಎನ್‌ಎಸ್ 23 (ಹಿಂದಿನ ಐಪಿಸಿ 85) ಇದೆ, ಆದರೆ ಸಾಬೀತು ಮಾಡುವ ಹೊರೆ ಹೇಳಿದವನದೇ. ವಾಹನ ವಶದ ಬಗ್ಗೆ: ಕಲಂ 207ರ ಪಟ್ಟಿಯಲ್ಲಿ 185 ಇಲ್ಲ. ಕುಡಿದದ್ದೊಂದೇ ಕಾರಣಕ್ಕೆ ವಾಹನ ಹಿಡಿದಿಡುವಂತಿಲ್ಲ, ಕುಡಿಯದ ಜೊತೆಗಾರನಿಗೋ ಸಂಬಂಧಿಕರಿಗೋ ಒಪ್ಪಿಸಬೇಕು ಎಂದು ತೆಲಂಗಾಣ ಹೈಕೋರ್ಟ್ 2021ರಲ್ಲಿ ಹೇಳಿದೆ.

ನಿಲ್ಲದ ಮಾತುಗಳು: "ಅಪಘಾತ ಆಗಿಲ್ಲವಲ್ಲ", "ಕುಡಿದರೂ ನೆಟ್ಟಗೆ ಓಡಿಸುತ್ತೇನೆ", "ಮನೆ ಇಲ್ಲೇ ಎರಡು ಫರ್ಲಾಂಗು", "ಜಾತ್ರೆ ಸಾರ್". ಕುಡಿದು ವಾಹನ ಓಡಿಸಿದ, ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ಪಡೆ ಪಿಎಸಿಯ ಚಾಲಕನೊಬ್ಬನ ಪ್ರಕರಣದಲ್ಲಿ (ಬ್ರಿಜೇಶ್ ಚಂದ್ರ ದ್ವಿವೇದಿ, 2022), ದೊಡ್ಡ ನಷ್ಟ ಆಗದಿದ್ದುದು ಅದೃಷ್ಟ ಮಾತ್ರ, ಅದು ಕ್ಷಮೆಗೆ ಕಾರಣವಲ್ಲ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ ತೆಗೆದುಕೊಂಡಿತು.

ಹೆದ್ದಾರಿ ಮತ್ತು ಮದ್ಯದಂಗಡಿ

ತಮಿಳುನಾಡು ಸರ್ಕಾರ ವಿರುದ್ಧ ಕೆ. ಬಾಲು: 2016ರ ಡಿಸೆಂಬರ್ 15ರ ತೀರ್ಪು. ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು. 2017ರ ಮಾರ್ಚ್ 31ರ ಆದೇಶದಲ್ಲಿ 20,000ದವರೆಗೆ ಜನಸಂಖ್ಯೆಯ ಊರುಗಳಿಗೆ ಇದು 220 ಮೀಟರ್ ಆಯಿತು. 2017ರ ಜುಲೈನಲ್ಲಿ ನಗರಸಭೆ, ಪುರಸಭೆಗಳ ಒಳಗಿನ ರಸ್ತೆಗೆ ನಿರ್ಬಂಧ ಅನ್ವಯಿಸದು ಎಂಬ ಸ್ಪಷ್ಟನೆ ಬಂತು. ಹೆದ್ದಾರಿ 50 ಕೂಡ್ಲಿಗಿಯನ್ನು ಮುಟ್ಟಿಕೊಂಡೇ ಹೋಗುತ್ತದೆ, ಹೊಸಪೇಟೆ–ಶಿವಮೊಗ್ಗ ರಾಜ್ಯ ಹೆದ್ದಾರಿ ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳನ್ನು ಹಾದು ಹೋಗುತ್ತದೆ. ಈ ಜುಲೈ ಸ್ಪಷ್ಟನೆಯಿಂದ ಮೂಲ ತೀರ್ಪಿನ ಬಲ ಬಹಳಷ್ಟು ಕುಗ್ಗಿತು ಎಂದೇ ನನಗನಿಸುತ್ತದೆ. ನಿರ್ದೇಶಕ ತತ್ವಗಳಲ್ಲಿ ಮದ್ಯಪಾನ ನಿಷೇಧದ ಮಾತಿರುವುದು 47ನೇ ವಿಧಿಯಲ್ಲಿ.

ನೆರವು

ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಕಲಂ 134ಎ ರಕ್ಷಣೆ ಇದೆ, ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ತುರ್ತು ಕರೆ 112. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ ಕಲಂ 12ರಡಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಮಹಿಳೆಯರು, ಮಕ್ಕಳು ಮತ್ತು ಪೊಲೀಸ್ ವಶದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು. ಬಂಧಿತ ಚಾಲಕನಿಗೂ, ಅವನ ಗಾಡಿಗೆ ಸಿಕ್ಕು ಗಂಡನನ್ನು ಕಳೆದುಕೊಂಡ ಹೆಂಗಸಿಗೂ ಈ ಹಕ್ಕು ಒಂದೇ. ಅರ್ಜಿ ಕೊಡಬೇಕಾದದ್ದು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ. ಸಹಾಯವಾಣಿ 15100.